ಕಾಫಿ ಚೆಲ್ಲಿದ ಮೇಲೂ ನಡೆಯುವ ಲ್ಯಾಪ್‌ಟಾಪ್

(ಮಳೆಗಾಲದ ಒಂದು ಭಾನುವಾರ ಕೊಡಗಿನ ಗೋಣಿಕೊಪ್ಪದಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ವಿರಾಜಪೇಟೆ, ಪೊನ್ನಂಪೇಟೆ, ಸಿದ್ದಾಪುರದಿಂದೆಲ್ಲ ಬಂದಿದ್ದೀರಿ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಾನು ಲ್ಯಾಪ್‌ಟಾಪ್ ರಿಪೇರಿ ಮಾಡುವವನು. ಕಾಫಿ, ಟೀ, ನೀರು ಬಿದ್ದ ಲ್ಯಾಪ್‌ಟಾಪ್‌ಗಳು ನನ್ನ ಮೇಜಿಗೆ ಎರಡು ಥರ ಬರುತ್ತವೆ. ಕೆಲವು ಚೆಲ್ಲಿದ ಕೂಡಲೇ ಆಫ್ ಆಗಿ ಬಿದ್ದಿರುತ್ತವೆ. ಮನೆಯವರು ಹೆದರಿ, ಮತ್ತೆ ಮುಟ್ಟದೆ ಹಾಗೇ ತಂದಿರುತ್ತಾರೆ. ಇನ್ನು ಕೆಲವು ಚೆಲ್ಲಿದ ಮೇಲೂ ಏನೂ ಆಗದಂತೆ ನಡೆದಿರುತ್ತವೆ. ಬಟ್ಟೆಯಲ್ಲಿ ಒರೆಸಿ, ಸದ್ಯ ಬಚಾವಾದೆವು ಅಂತ ಬಳಸುತ್ತಾ ಹೋಗಿರುತ್ತಾರೆ. ವಾರವೋ ತಿಂಗಳೋ ಕಳೆದ ಮೇಲೆ ತರುತ್ತಾರೆ. ಮೊದಲನೆಯದನ್ನು ಎಷ್ಟೋ ಸಲ ಸುಲಭವಾಗಿ ಉಳಿಸಬಹುದು. ಕಷ್ಟ ಆಗುವುದು ಎರಡನೆಯದು. ಇವತ್ತು ನಾನು ಹೇಳಲು ಬಂದಿರುವುದು ಮುಖ್ಯವಾಗಿ ಅದರ ಬಗ್ಗೆಯೇ. ಚೆಲ್ಲಿದ ಮೇಲೂ ಲ್ಯಾಪ್‌ಟಾಪ್ ನಡೆಯುತ್ತಿದೆ ಅಂದರೆ ದಯವಿಟ್ಟು ನಂಬಬೇಡಿ. ಅವತ್ತೇ ಆಫ್ ಮಾಡಿ, ಅವತ್ತೇ ಬಿಚ್ಚಿಸಿ.

ನೀರು ಬಿದ್ದರೆ ಶಾರ್ಟ್ ಆಗುತ್ತದೆ, ಸುಟ್ಟುಹೋಗುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಬಹಳಷ್ಟು ಲ್ಯಾಪ್‌ಟಾಪ್‌ಗಳು ಒಂದೇ ಏಟಿಗೆ ಹೋಗುವುದಿಲ್ಲ, ನಿಧಾನವಾಗಿ ಹೋಗುತ್ತವೆ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ಅರ್ಥವಾದರೆ ಉಳಿದದ್ದೆಲ್ಲ ನಿಮಗೇ ಹೊಳೆಯುತ್ತದೆ.

ಒಳಗಿನ ಮದರ್‌ಬೋರ್ಡ್ ಮೇಲೆ ತಾಮ್ರದ ಗೆರೆಗಳಿವೆ. ಕೆಲವು ಕೂದಲಿನಷ್ಟು ಸಣ್ಣ. ಚಾರ್ಜರ್‌ನಿಂದ ಬರುವ ಗೆರೆಯಲ್ಲಿ 19 ಅಥವಾ 20 ವೋಲ್ಟ್ ಇರುತ್ತದೆ. ಪ್ರೊಸೆಸರ್‌ಗೆ ಹೋಗುವ ಗೆರೆಯಲ್ಲಿ ಸುಮಾರು 1 ವೋಲ್ಟ್. ಇವೆರಡೂ ಒಂದೇ ಬೋರ್ಡ್ ಮೇಲೆ, ಕೆಲವು ಕಡೆ ತೀರಾ ಹತ್ತಿರ ಹತ್ತಿರ ಇರುತ್ತವೆ. ಶುದ್ಧ ನೀರು ಕರೆಂಟನ್ನು ಅಷ್ಟಾಗಿ ಹರಿಸುವುದಿಲ್ಲ. ಅದರಲ್ಲಿ ಕರಗಿರುವ ಉಪ್ಪು, ಹುಳಿ, ಹಾಲಿನ ಲವಣ, ಇವು ಹರಿಸುತ್ತವೆ. ಜಾಸ್ತಿ ವೋಲ್ಟ್ ಇರುವ ಗೆರೆಯಿಂದ ಕಡಿಮೆ ವೋಲ್ಟಿನ ಗೆರೆಗೆ ಕರೆಂಟ್ ಜಿಗಿದರೆ ಪ್ರೊಸೆಸರ್ ಅಲ್ಲೇ ಹೋಯಿತು. ಇದು ಒಂದೇ ಏಟಿಗೆ ಆಗುವ ಸಾವು.

ಇನ್ನೊಂದು ಸದ್ದಿಲ್ಲದೆ ನಡೆಯುತ್ತದೆ. ಎರಡು ಗೆರೆಗಳ ಮಧ್ಯೆ ಒದ್ದೆ ಇದೆ, ಒಂದರಲ್ಲಿ ಪಾಸಿಟಿವ್ ವೋಲ್ಟ್ ಇದೆ ಅಂದುಕೊಳ್ಳಿ. ಆ ಕಡೆಯ ತಾಮ್ರ ಸ್ವಲ್ಪ ಸ್ವಲ್ಪವೇ ಕರಗಿ ನೀರಿಗೆ ಸೇರುತ್ತದೆ. ಸೇರಿದ ತಾಮ್ರ ಇನ್ನೊಂದು ಗೆರೆಯ ಕಡೆಗೆ ಹೋಗಿ ಅಲ್ಲಿ ಕೂರುತ್ತದೆ, ಕೂತಲ್ಲಿಂದ ಕವಲೊಡೆದು ವಾಪಸ್ ಬೆಳೆಯುತ್ತದೆ. ಒಂದು ಕಡೆ ಗೆರೆ ತಿಂದುಹೋಗುತ್ತದೆ, ಇನ್ನೊಂದು ಕಡೆ ಇರಬಾರದ ಜಾಗದಲ್ಲಿ ಲೋಹ ಬೆಳೆಯುತ್ತದೆ. ವೋಲ್ಟ್ ಇರುವವರೆಗೂ ಇದು ನಿಲ್ಲುವುದಿಲ್ಲ. ವೋಲ್ಟ್ ತೆಗೆದರೆ ತುಕ್ಕು ಹಿಡಿಯುವುದು ಇದ್ದೇ ಇರುತ್ತದೆ, ಆದರೆ ಅದರ ವೇಗ ಬಹಳ ಕಡಿಮೆಯಾಗುತ್ತದೆ.

ಹಾಗಾಗಿ ನೀರು ಬಿದ್ದಾಗ ಮೊದಲು ಹೋಗಬೇಕಾದ್ದು ಕರೆಂಟ್. ಒಣಗಿಸುವುದು ಆಮೇಲೆ. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಟವೆಲ್ ಹುಡುಕಲು ಓಡುತ್ತಾರೆ, ಲ್ಯಾಪ್‌ಟಾಪ್ ಆನ್ ಆಗಿಯೇ ಇರುತ್ತದೆ.

ಚಾರ್ಜರ್ ಹಾಕಿದ್ದರೆ ಗೋಡೆಯ ಸ್ವಿಚ್ಚನ್ನು ಒಣಗಿದ ಕೈಯಲ್ಲಿ ಆಫ್ ಮಾಡಿ, ಆಮೇಲೆ ಪಿನ್ ಎಳೆಯಿರಿ. ಮೇಜಿನ ಮೇಲೆಲ್ಲ ನೀರು ಹರಿದು ಅಡಾಪ್ಟರ್ ವರೆಗೆ ಹೋಗಿದ್ದರೆ ಸ್ವಿಚ್ ಆಫ್ ಆಗುವವರೆಗೆ ಅದನ್ನು ಮುಟ್ಟಲೇಬೇಡಿ. ಲ್ಯಾಪ್‌ಟಾಪ್‌ನ ಪವರ್ ಬಟನ್ ಒತ್ತಿ ಹಿಡಿಯಿರಿ, ಬಿಡಬೇಡಿ. ಹತ್ತು ಹದಿನೈದು ಸೆಕೆಂಡಿನೊಳಗೆ ಪೂರ್ತಿ ಆಫ್ ಆಗುತ್ತದೆ. ಸುಮ್ನೆ ಒಂದು ಸಲ ಒತ್ತಿ ಬಿಟ್ಟರೆ ಅದು ನಿದ್ದೆಗೆ ಹೋಗುತ್ತದೆ ಅಷ್ಟೇ. ಮುಚ್ಚಳ ಮುಚ್ಚಿದರೂ ಅಷ್ಟೇ. ನಿದ್ದೆಯಲ್ಲಿರುವ ಲ್ಯಾಪ್‌ಟಾಪ್ ಒಳಗೆ ಕರೆಂಟ್ ಓಡುತ್ತಲೇ ಇರುತ್ತದೆ. ಬರೆಯುತ್ತಿದ್ದ ಫೈಲ್ ಸೇವ್ ಆಗಿಲ್ಲವಲ್ಲ ಅಂತ ಕೈ ತಡೆಯುತ್ತದೆ, ನನಗೆ ಗೊತ್ತು. ಒಂದು ಪುಟ ಹೋದರೆ ಮತ್ತೆ ಬರೆಯಬಹುದು. ಬಟನ್ ಒತ್ತಿ.

ಆಮೇಲೆ ಅದನ್ನು ತೆರೆದೇ ಮಗುಚಿ. ಮೇಜಿನ ಅಂಚಿನಲ್ಲಿ ಕೀಬೋರ್ಡ್ ಕೆಳಮುಖವಾಗಿ, ಪರದೆ ಮೇಜಿನಿಂದ ಕೆಳಗೆ ಇಳಿಬಿದ್ದಿರುವ ಹಾಗೆ ಇಡಿ. ಕೆಳಗೆ ಒಂದು ಒಣ ಬಟ್ಟೆ ಹಾಸಿ. ಅಲ್ಲಾಡಿಸಬೇಡಿ, ಕುಲುಕಬೇಡಿ. ಕುಲುಕಿದರೆ ಒಂದು ಮೂಲೆಯಲ್ಲಿದ್ದ ನೀರು ಬೋರ್ಡ್ ತುಂಬಾ ಹರಡುತ್ತದೆ.

ಇಷ್ಟು ಮಾಡಿದರೆ ಕರೆಂಟ್ ಹೋಯಿತಾ? ಪೂರ್ತಿ ಹೋಗಿಲ್ಲ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಒಳಗಿದೆ. ಆಫ್ ಆಗಿದ್ದಾಗಲೂ ಬಟನ್ ಒತ್ತುವುದನ್ನು ಕಾಯುವ ಒಂದು ಭಾಗ ಎಚ್ಚರವಾಗಿಯೇ ಇರುತ್ತದೆ. ಅದಕ್ಕೆ ಬೇಕಾದ ವೋಲ್ಟ್ ಬೋರ್ಡ್ ಮೇಲೆ ಇದ್ದೇ ಇರುತ್ತದೆ. ಹಿಂದಿನ ಕವರ್ ಬಿಚ್ಚಿ, ಬ್ಯಾಟರಿಯ ಕನೆಕ್ಟರ್ ಎಳೆದು ತೆಗೆದಾಗ ಮಾತ್ರ ಅದು ನಿಲ್ಲುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಗಡಿಯಾರಕ್ಕೆ ಅಂತ ನಾಣ್ಯದ ಆಕಾರದ 3 ವೋಲ್ಟಿನ ಸಣ್ಣ ಸೆಲ್ ಬೇರೆ ಇರುತ್ತದೆ. ಅದನ್ನೂ ತೆಗೆಯಬೇಕು.

ಸ್ಕ್ರೂಡ್ರೈವರ್ ಹಿಡಿದು ಅಭ್ಯಾಸ ಇರುವವರು ಮನೆಯಲ್ಲೇ ಮಾಡಬಹುದು. ಹೆಚ್ಚಿನ ಕಂಪನಿಗಳು ಸಣ್ಣ ಸ್ಟಾರ್ ಸ್ಕ್ರೂ ಹಾಕಿರುತ್ತವೆ. ಮ್ಯಾಕ್‌ಬುಕ್‌ಗೆ ಐದು ಎಸಳಿನ ಬೇರೆ ಸ್ಕ್ರೂಡ್ರೈವರ್ ಬೇಕು. ಕವರ್ ಬಿಡಿಸಲು ಹಳೆಯ ಎಟಿಎಂ ಕಾರ್ಡ್ ಸಾಕು. ಕನೆಕ್ಟರನ್ನು ಉಗುರಿನಲ್ಲೋ ಪ್ಲಾಸ್ಟಿಕ್ ತುಂಡಿನಲ್ಲೋ ಎಬ್ಬಿಸಿ. ಅಲ್ಲಿ ಚಾಕು, ಕತ್ತರಿ ಬೇಡವೇ ಬೇಡ. ಅಭ್ಯಾಸ ಇಲ್ಲದವರಿಗೆ ಒಂದು ದಾರಿ ಹೇಳುತ್ತೇನೆ, ಇದನ್ನು ಯಾರೂ ಯೋಚಿಸುವುದಿಲ್ಲ. ನಮ್ಮ ಪ್ರತಿ ಪೇಟೆಯಲ್ಲೂ ಮೊಬೈಲ್ ರಿಪೇರಿ ಅಂಗಡಿ ಇದೆ. ಆ ಹುಡುಗರ ಹತ್ತಿರ ಎಲ್ಲ ಥರದ ಸ್ಕ್ರೂಡ್ರೈವರ್ ಇರುತ್ತದೆ. ರಿಪೇರಿ ಮಾಡಿ ಅಂತ ಕೇಳಬೇಡಿ. ‘ಹಿಂದಿನ ಕವರ್ ಬಿಚ್ಚಿ ಬ್ಯಾಟರಿ ಕನೆಕ್ಷನ್ ತೆಗೆದುಕೊಡಿ, ಸಾಕು’ ಅನ್ನಿ. ಐದು ನಿಮಿಷದ ಕೆಲಸ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ರಜೆ ಸಿಕ್ಕಿ, ಬಸ್ಸು ಹತ್ತಿ ಸರ್ವಿಸ್ ಸೆಂಟರ್ ಮುಟ್ಟುವಷ್ಟರಲ್ಲಿ ಎರಡು ಮೂರು ದಿನ ಆಗಿಬಿಡುತ್ತದೆ. ಅಷ್ಟೂ ದಿನ ಬ್ಯಾಟರಿ ಒಳಗಿದ್ದರೆ, ಒದ್ದೆ ಬೋರ್ಡ್ ಮೇಲೆ ಅದರ ಕೆಲಸ ನಡೆಯುತ್ತಲೇ ಇರುತ್ತದೆ. ಒಂದು ಮಾತು ಮಾತ್ರ ನೆನಪಿರಲಿ. ಆಕಸ್ಮಿಕ ಹಾನಿಗೆ ಅಂತ ಬೇರೆ ದುಡ್ಡು ಕೊಟ್ಟು ಪ್ಲಾನ್ ತೆಗೆದುಕೊಂಡಿದ್ದರೆ, ಬಿಚ್ಚುವ ಮೊದಲು ಅವರಿಗೆ ಫೋನ್ ಮಾಡಿ. ಮಾಮೂಲಿ ವಾರಂಟಿ ಸಾಮಾನ್ಯವಾಗಿ ನೀರಿನ ಹಾನಿಗೆ ಬರುವುದಿಲ್ಲ. ಹಲವು ಲ್ಯಾಪ್‌ಟಾಪ್‌ಗಳ ಒಳಗೆ ಸಣ್ಣ ಬಿಳಿ ಸ್ಟಿಕ್ಕರ್ ಇರುತ್ತದೆ, ನೀರು ತಾಗಿದರೆ ಅದು ಕೆಂಪಾಗುತ್ತದೆ. ಸರ್ವಿಸ್‌ನವರು ಮೊದಲು ನೋಡುವುದು ಅದನ್ನೇ.

ಈಗ ಪರದೆ ಮೇಲೆ ಒಂದು ಫೋಟೋ ಹಾಕುತ್ತೇನೆ. ಹಿಂದೆ ಕೂತವರಿಗೂ ಕಾಣುತ್ತಿದೆಯಲ್ಲ?

ಇದು ನಾಪೋಕ್ಲು ಕಡೆಯ ಒಬ್ಬ ವಿದ್ಯಾರ್ಥಿನಿಯ ಲ್ಯಾಪ್‌ಟಾಪ್ ಬೋರ್ಡ್, ಮೈಕ್ರೋಸ್ಕೋಪ್ ಕೆಳಗೆ ತೆಗೆದದ್ದು. ಮಾರ್ಚ್‌ನಲ್ಲಿ ಬೆಲ್ಲದ ಕಾಫಿ ಚೆಲ್ಲಿತ್ತು. ಅರ್ಧ ಲೋಟವೂ ಇರಲಿಲ್ಲವಂತೆ. ಒರೆಸಿ, ಬಿಸಿಲಿಗಿಟ್ಟು, ಸಂಜೆ ಆನ್ ಮಾಡಿದ್ದಾರೆ. ನಡೆದಿದೆ. ಏಪ್ರಿಲ್, ಮೇ ಪೂರ್ತಿ ಏನೂ ತೊಂದರೆ ಇಲ್ಲ. ಜೂನ್‌ನಲ್ಲಿ ಮಳೆ ಹಿಡಿಯಿತು. ಒಂದು ಬೆಳಗ್ಗೆ ಚಾರ್ಜ್ ಆಗುವುದು ನಿಂತಿತು.

ಎಡಗಡೆ ಕಾಣುವುದು ಚಾರ್ಜಿಂಗ್ ಪೋರ್ಟ್. ಅದರ ಪಕ್ಕ ಸಾಲಾಗಿ ಕಂದು ಬಣ್ಣದ ಸಣ್ಣ ಚೌಕಗಳಿವೆ, ಅವು ಕೆಪಾಸಿಟರ್‌ಗಳು, ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಡುವ ಬಿಡಿಭಾಗಗಳು. ಸಾಸಿವೆ ಕಾಳಿಗಿಂತ ಸಣ್ಣವು. ಮೂರನೆಯದರ ತುದಿ ನೋಡಿ. ಉಳಿದವುಗಳ ಬೆಸುಗೆ ಹೊಳೆಯುತ್ತಿದೆ, ಇದರದ್ದು ಮಂಕಾಗಿದೆ. ಸುತ್ತ ಹಸಿರು ನೀಲಿ ಬಣ್ಣದ ಪುಡಿ ಕೂತಿದೆ. ಅದು ಕರಗಿಹೋದ ತಾಮ್ರ. ಅದರಾಚೆ ತೆಳ್ಳಗೆ ಒಂದು ಕಂದು ಗೆರೆ ವಂಕಿ ವಂಕಿಯಾಗಿ ಹೋಗಿದೆ. ಕಾಫಿ ಒಣಗುತ್ತಾ ಬಂದಾಗ ಅದರ ಅಂಚು ನಿಂತ ಜಾಗ ಅದು. ಅಂದರೆ ಕಾಫಿ ಎಲ್ಲೆಲ್ಲಿಗೆ ಹೋಗಿತ್ತು ಅನ್ನುವ ನಕ್ಷೆಯೇ ಬೋರ್ಡ್ ಮೇಲಿದೆ. ಬಲಗಡೆಯ ಕಪ್ಪು ಚಿಪ್‌ನ ಅಡಿಗೂ ಆ ಗೆರೆ ನುಗ್ಗಿದೆ. ಬ್ರಷ್ ತಾಗಿಸಿದಾಗ ಆ ಕೆಪಾಸಿಟರ್ ಹಾಗೇ ಎದ್ದು ಬಂತು, ಕೆಳಗೆ ಅದನ್ನು ಹಿಡಿದಿದ್ದ ತಾಮ್ರವೇ ಇರಲಿಲ್ಲ. ಹೊಸ ಕೆಪಾಸಿಟರ್ ಹಾಕಿ, ತಿಂದುಹೋದ ಗೆರೆಗೆ ಬದಲು ಸಣ್ಣ ತಂತಿ ಎಳೆದು, ಚಿಪ್ ತೆಗೆದು ಅಡಿಯಲ್ಲಿ ತೊಳೆದು ಮತ್ತೆ ಕೂರಿಸಿದ್ದಾಯಿತು. ಲ್ಯಾಪ್‌ಟಾಪ್ ಉಳಿಯಿತು. ಮಾರ್ಚ್‌ನಲ್ಲೇ ಬಂದಿದ್ದರೆ ಬರೀ ತೊಳೆದರೆ ಸಾಕಾಗುತ್ತಿತ್ತು.

ಮೂರು ತಿಂಗಳು ಸುಮ್ಮನಿದ್ದು ಜೂನ್‌ನಲ್ಲಿ ಯಾಕೆ ಹೋಯಿತು? ಕೊಡಗಿನವರು ತಿಳಿಯಬೇಕಾದ್ದು ಇದು. ಸಕ್ಕರೆ, ಬೆಲ್ಲ ಒಣಗಿದ್ದಾಗ ಕರೆಂಟ್ ಹರಿಸುವುದಿಲ್ಲ. ಆದರೆ ಗಾಳಿಯ ತೇವ ಎಳೆದುಕೊಳ್ಳುತ್ತವೆ. ಡಬ್ಬಿ ಮುಚ್ಚದೆ ಬಿಟ್ಟ ಬೆಲ್ಲ ಮಳೆಗಾಲದಲ್ಲಿ ನೀರು ಬಿಟ್ಟುಕೊಳ್ಳುತ್ತದೆ, ಅಲ್ವಾ? ಬೋರ್ಡ್ ಮೇಲೆ ಒಣಗಿದ ಕಾಫಿ ಕಲೆಯಲ್ಲೂ ಅದೇ ಆಗುತ್ತದೆ. ಬೇಸಿಗೆಯಲ್ಲಿ ಗಟ್ಟಿಯಾಗಿ ಸುಮ್ಮನಿರುತ್ತದೆ. ಮಳೆ ಹಿಡಿದು ಗಾಳಿಯ ತೇವಾಂಶ ಶೇಕಡಾ 90 ದಾಟಿದ ಮೇಲೆ ಮತ್ತೆ ಒದ್ದೆಯಾಗುತ್ತದೆ, ಅದರಲ್ಲಿರುವ ಲವಣ ಮತ್ತೆ ಕರಗುತ್ತದೆ, ತಾಮ್ರ ಮತ್ತೆ ಕರಗಲು ಶುರುವಾಗುತ್ತದೆ. ಹೊಸದಾಗಿ ಒಂದು ಹನಿಯೂ ಚೆಲ್ಲಬೇಕಾಗಿಲ್ಲ. ಬಯಲುಸೀಮೆಯಲ್ಲಿ ವರ್ಷಗಟ್ಟಲೆ ನಡೆಯಬಹುದಾದ ಲ್ಯಾಪ್‌ಟಾಪ್ ನಮ್ಮಲ್ಲಿ ಜೋರು ಮಳೆಯ ಕಕ್ಕಡ ತಿಂಗಳು ದಾಟುವುದಿಲ್ಲ.

ಏನು ಚೆಲ್ಲಿತು ಅನ್ನುವುದೂ ಮುಖ್ಯ. ಬರೀ ನೀರಾದರೆ ಅಪಾಯ ಸ್ವಲ್ಪ ಕಡಿಮೆ ಅನ್ನಬಹುದು. ಹಾಲಿನ ಕಾಫಿ ಕೆಟ್ಟದ್ದು, ಕೊಬ್ಬು, ಸಕ್ಕರೆ, ಲವಣ ಮೂರೂ ಇರುತ್ತವೆ. ಕಿತ್ತಳೆ ರಸ, ನಿಂಬೆ ಶರಬತ್ತು, ಮನೆಯ ವೈನ್ ಇವುಗಳಲ್ಲಿ ಹುಳಿ ಜಾಸ್ತಿ. ಅಡುಗೆಮನೆಯ ಮೇಜಿನಲ್ಲಿ ಕೆಲಸ ಮಾಡುವವರು ನಮ್ಮ ಅಡುಗೆಯ ಹುಳಿ ಕಾಚಂಪುಳಿಯ ಬಾಟಲಿ ದೂರ ಇಡಿ. ಹೆಂಚಿನಿಂದ ಸೋರಿದ ಮಳೆನೀರು ನೋಡಲು ಶುದ್ಧ, ಆದರೆ ಅಟ್ಟದ ಧೂಳು, ಮಸಿ ಎಲ್ಲ ತೊಳೆದುಕೊಂಡು ಬಂದಿರುತ್ತದೆ.

ಇನ್ನು ಒಣಗಿಸುವ ವಿಷಯ. ಅಕ್ಕಿ ಡಬ್ಬಿಯಲ್ಲಿ ಹೂತಿಡುವವರು ಈಗಲೂ ಇದ್ದಾರೆ. ದಯವಿಟ್ಟು ಬೇಡ. ಅಕ್ಕಿ ಗಾಳಿಗಿಂತ ಚೆನ್ನಾಗಿ ಒಣಗಿಸುವುದಿಲ್ಲ. ಅದರ ಹಿಟ್ಟು, ಧೂಳು ಪೋರ್ಟ್‌ಗಳಿಗೆ ಹೋಗಿ ಒದ್ದೆಯಲ್ಲಿ ಅಂಟುತ್ತದೆ. ಆಪಲ್ ಕಂಪನಿ 2024ರಲ್ಲಿ ತನ್ನ ಫೋನ್ ಬಳಸುವವರಿಗೆ ಅಕ್ಕಿಯಲ್ಲಿ ಇಡಬೇಡಿ ಅಂತ ಬರೆದೇ ಹೇಳಿದೆ. ಅದಕ್ಕಿಂತ ಮುಖ್ಯವಾಗಿ, ಅಕ್ಕಿಯಲ್ಲಿಟ್ಟ ಎರಡು ದಿನ ಬ್ಯಾಟರಿ ಒಳಗೇ ಇರುತ್ತದೆ. ಏನೋ ಮಾಡಿದೆವು ಅನ್ನುವ ಸಮಾಧಾನದಲ್ಲಿ ಮಾಡಬೇಕಾದ್ದು ತಪ್ಪಿಹೋಗುತ್ತದೆ.

ಹೇರ್ ಡ್ರೈಯರ್ ನೀರನ್ನು ಇನ್ನೂ ಒಳಗೆ ತಳ್ಳುತ್ತದೆ, ಕೀಗಳ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ನಮ್ಮ ಮನೆಗಳಲ್ಲಿ ಇನ್ನೊಂದು ಅಭ್ಯಾಸ ಇದೆ. ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಹಾಗೆ ಲ್ಯಾಪ್‌ಟಾಪನ್ನೂ ಒಲೆ ಹತ್ತಿರವೋ ಅಗ್ಗಿಷ್ಟಿಕೆ ಪಕ್ಕವೋ ಇಡುತ್ತಾರೆ. ಲಿಥಿಯಂ ಬ್ಯಾಟರಿಗೆ ಆ ಬಿಸಿ ಅಪಾಯ. ಊದಿಕೊಳ್ಳಬಹುದು, ಬೆಂಕಿಯೂ ಹಿಡಿಯಬಹುದು. ಹೊಗೆಯ ಮಸಿ ಬೇರೆ ಬೋರ್ಡ್ ಮೇಲೆ ಕೂರುತ್ತದೆ.

ಹಾಗಾದರೆ ಬಿಸಿಲೇ ಇಲ್ಲದ ಜುಲೈನಲ್ಲಿ ಏನು ಮಾಡುವುದು? ಗಾಳಿಯನ್ನು ಸ್ವಲ್ಪ ಬೆಚ್ಚಗೆ ಮಾಡಿದರೆ ಸಾಕು. 20 ಡಿಗ್ರಿಯಲ್ಲಿ ತೇವಾಂಶ 95 ಇರುವ ಗಾಳಿಯನ್ನು 30 ಡಿಗ್ರಿಗೆ ಬಿಸಿ ಮಾಡಿದರೆ ಅದರ ತೇವಾಂಶ ಹೆಚ್ಚುಕಡಿಮೆ 52ಕ್ಕೆ ಇಳಿಯುತ್ತದೆ. ನೀರು ಎಲ್ಲೂ ಹೋಗಿರುವುದಿಲ್ಲ, ಆದರೆ ಬೆಚ್ಚಗಿನ ಗಾಳಿ ಇನ್ನಷ್ಟು ನೀರು ಹೀರಿಕೊಳ್ಳುತ್ತದೆ. ಕ್ಯಾಮೆರಾ ಇಟ್ಟುಕೊಂಡವರು ಲೆನ್ಸ್‌ಗೆ ಬೂಷ್ಟು ಹಿಡಿಯದ ಹಾಗೆ ಪೆಟ್ಟಿಗೆಯಲ್ಲಿ ಬಲ್ಬ್ ಹಾಕಿಡುವುದು ಇದೇ ಕಾರಣಕ್ಕೆ. ಕವರ್ ಬಿಚ್ಚಿ, ಬ್ಯಾಟರಿ ಹೊರಗೆ ತೆಗೆದಿಟ್ಟ ಮೇಲೆ ನೀವೂ ಹಾಗೆ ಮಾಡಬಹುದು. ಹಳೆಯ ಕಾಲದ 40 ವ್ಯಾಟ್ ಬಲ್ಬ್ ಬೇಕು, ಎಲ್‌ಇಡಿಗೆ ಅಷ್ಟು ಬಿಸಿ ಬರುವುದಿಲ್ಲ. ಬಲ್ಬ್‌ಗೂ ಬೋರ್ಡ್‌ಗೂ ಒಂದು ಅಡಿಯಾದರೂ ದೂರ ಇರಲಿ. ಪೆಟ್ಟಿಗೆಯ ಮೇಲಿನ ಬಾಗಿಲು ಸ್ವಲ್ಪ ತೆರೆದಿರಲಿ. ಪಕ್ಕದಲ್ಲಿ ಬಟ್ಟೆ, ಪೇಪರ್ ಬೇಡ. ಕೈಯಿಟ್ಟರೆ ಬೆಚ್ಚಗೆ ಅನ್ನಿಸಬೇಕು, ಬಿಸಿ ಅನ್ನಿಸಬಾರದು. ಮನೆಯಲ್ಲಿ ಯಾರೂ ಇಲ್ಲದಾಗ ಹಚ್ಚಿಟ್ಟು ಹೋಗಬೇಡಿ.

ಎಷ್ಟು ಹೊತ್ತು? ಇಲ್ಲಿ ಕಾಫಿ ಬೆಳೆಗಾರರು ಬಹಳ ಜನ ಇದ್ದೀರಿ, ನಿಮಗೆ ಹೇಳುವುದು ಸುಲಭ. ಕಣದಲ್ಲಿ ಹರಡಿದ ಕಾಫಿ ಚೆರಿಯನ್ನು ಕೆಲವು ದಿನ ಕಳೆದು ಕೈಯಲ್ಲಿ ಹಿಡಿದರೆ ಮೇಲೆ ಒಣಗಿದಂತೆಯೇ ಇರುತ್ತದೆ, ಆದರೆ ಅದನ್ನು ಚೀಲಕ್ಕೆ ತುಂಬುತ್ತೀರಾ? ತುಂಬಿದರೆ ಬೂಷ್ಟು ಗ್ಯಾರಂಟಿ. ಬೋರ್ಡ್ ಕೂಡ ಹಾಗೆಯೇ. ಮೇಲೆ ಒಣಗಿ ಫಳಫಳ ಅನ್ನುತ್ತಿರುತ್ತದೆ, ಚಿಪ್‌ಗಳ ಅಡಿಯಲ್ಲಿ ಕಾಗದದಷ್ಟು ತೆಳ್ಳನೆಯ ಸಂದಿಯಲ್ಲಿ ನೀರು ಹಿಡಿದು ನಿಂತಿರುತ್ತದೆ. ನಮ್ಮ ಮಳೆಗಾಲದಲ್ಲಿ ಬಿಚ್ಚಿಟ್ಟು ಬೆಚ್ಚಗಿಟ್ಟರೂ ಎರಡು ದಿನ ಪೂರ್ತಿ ಬೇಕು. ನಡುವೆ ಒಂದು ಸಲ ಆನ್ ಮಾಡಿ ನೋಡೋಣ ಅನ್ನುವ ಆಸೆ ಬರುತ್ತದೆ, ಅದೊಂದನ್ನು ತಡೆಯಿರಿ.

ಇಷ್ಟೆಲ್ಲ ಬರೀ ನೀರಿಗೆ. ಕಾಫಿ, ಟೀ, ಜ್ಯೂಸ್ ಆದರೆ ಒಣಗಿಸುವುದು ಸಾಕಾಗುವುದಿಲ್ಲ, ತೊಳೆಯಲೇಬೇಕು. ಒಣಗಿಸಿದರೆ ನೀರು ಹೋಗುತ್ತದೆ, ಉಳಿದದ್ದು ಅಲ್ಲೇ ಇರುತ್ತದೆ. ರಿಪೇರಿಯವರು ಬೋರ್ಡ್ ತೊಳೆಯಲು ಐಸೋಪ್ರೊಪೈಲ್ ಆಲ್ಕೋಹಾಲ್ ಬಳಸುತ್ತಾರೆ, ಅಂಗಡಿಗಳಲ್ಲಿ ಐಪಿಎ ಅನ್ನುತ್ತಾರೆ. 99 ಶೇಕಡಾದ್ದು ಒಳ್ಳೆಯದು. ಬೇಗ ಆರುತ್ತದೆ, ಏನನ್ನೂ ಉಳಿಸುವುದಿಲ್ಲ. ಆದರೆ ಒಂದು ವಿಷಯ ಎಷ್ಟೋ ಮಂದಿ ರಿಪೇರಿಯವರೂ ಗಮನಿಸುವುದಿಲ್ಲ. ಸಕ್ಕರೆ ಐಪಿಎಯಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಬೆಲ್ಲದ ಕಾಫಿ ಬಿದ್ದ ಬೋರ್ಡನ್ನು ಬರೀ ಐಪಿಎಯಲ್ಲಿ ಉಜ್ಜಿದರೆ ಬಣ್ಣ ಹೋಗಿ ಶುಭ್ರವಾಗಿ ಕಾಣುತ್ತದೆ, ಸಿಹಿ ಅಂಟು ಅಲ್ಲೇ ಉಳಿಯುತ್ತದೆ. ಮೊದಲು ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು ಸಕ್ಕರೆ ಕರಗಿಸಬೇಕು, ಆಮೇಲೆ ಐಪಿಎ ಹಾಕಿ ಆ ನೀರನ್ನು ಹೊರಡಿಸಬೇಕು. ನೀರು ಬಿದ್ದು ಹಾಳಾದ ಬೋರ್ಡನ್ನು ನೀರಿನಲ್ಲೇ ತೊಳೆಯುವುದಾ ಅಂತ ಗಾಬರಿಯಾಗಬೇಡಿ. ಬ್ಯಾಟರಿ, ಸೆಲ್ ಎರಡೂ ತೆಗೆದ ಬೋರ್ಡ್‌ಗೆ ಡಿಸ್ಟಿಲ್ಡ್ ವಾಟರ್ ಏನೂ ಮಾಡುವುದಿಲ್ಲ. ಅದು ಇನ್ವರ್ಟರ್ ಇರುವ ಎಷ್ಟೋ ಮನೆಗಳಲ್ಲಿ ಇರುತ್ತದೆ. ಕ್ಯಾನ್ ಮೇಲೆ ಬರೆದಿದ್ದನ್ನು ಓದಿ, ಆಸಿಡ್ ಕ್ಯಾನ್ ಕೈಗೆ ಬರದಿರಲಿ. ನಲ್ಲಿ ನೀರು, ಬಾವಿ ನೀರು ಬೇಡ, ಅದರಲ್ಲಿ ಲವಣ ಇದೆ. ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್, ಸುವಾಸನೆ ಏನೇನೋ ಇರುತ್ತದೆ. ತೊಳೆಯುವುದು ಬೋರ್ಡನ್ನು ಮಾತ್ರ. ಪರದೆ, ಫ್ಯಾನ್, ಸ್ಪೀಕರ್, ಬ್ಯಾಟರಿ ಇವನ್ನು ನೆನೆಸಬಾರದು. ಐಪಿಎಗೆ ಬೇಗ ಬೆಂಕಿ ಹತ್ತುತ್ತದೆ, ಒಲೆಯಿರುವ ಕೋಣೆಯಲ್ಲಿ ಕೂರಬೇಡಿ. ಮುರುಟದ ಮೆತ್ತನೆಯ ಟೂತ್‌ಬ್ರಷ್ ಸಾಕು.

ಕೀಬೋರ್ಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದರೊಳಗೆ ಒಂದರ ಮೇಲೊಂದು ಅಂಟಿಸಿದ ಪ್ಲಾಸ್ಟಿಕ್ ಹಾಳೆಗಳಿವೆ. ಸಿಹಿ ಅದರ ನಡುವೆ ಹೋದರೆ ತೆಗೆಯಲು ಆಗುವುದಿಲ್ಲ, ಬದಲಾಯಿಸಬೇಕು. ತಾನಾಗಿ ಅಕ್ಷರ ಒತ್ತಿಕೊಳ್ಳುವುದು, ತಾನಾಗಿ ಆನ್ ಆಗುವುದು ಅದರ ಗುರುತು. ಪವರ್ ಬಟನ್ ಈಗ ಹೆಚ್ಚಿನವುಗಳಲ್ಲಿ ಕೀಬೋರ್ಡ್‌ನಲ್ಲೇ ಇದೆ. ಅಂಥ ಲ್ಯಾಪ್‌ಟಾಪ್ ನೀವು ಮಲಗಿದಾಗ ತಾನೇ ಎದ್ದು ಕೂರುತ್ತದೆ, ಅದಕ್ಕೂ ಬ್ಯಾಟರಿ ತೆಗೆದಿಡಬೇಕು.

ಇನ್ನು ಒಳಗಿರುವ ಫೈಲ್‌ಗಳು. ನನ್ನ ಮುಂದೆ ಕೂತು ಅತ್ತವರು ಯಾರೂ ಲ್ಯಾಪ್‌ಟಾಪ್‌ಗಾಗಿ ಅತ್ತಿದ್ದಲ್ಲ. ಪ್ರಾಜೆಕ್ಟ್ ವರದಿ, ತೀರಿಹೋದ ತಂದೆಯ ಫೋಟೋ, ತೋಟದ ಹತ್ತು ವರ್ಷದ ಲೆಕ್ಕ, ಇದಕ್ಕೆ ಅತ್ತಿದ್ದು. ಹೆಚ್ಚಿನ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಫೈಲ್‌ಗಳನ್ನು ಇಡುವ ಡಿಸ್ಕ್, ಅಂದರೆ ಎಸ್‌ಎಸ್‌ಡಿ, ಬೇರೆ ತುಂಡಾಗಿ ಇರುತ್ತದೆ. ಬೋರ್ಡ್ ಸತ್ತರೂ ಅದನ್ನು ತೆಗೆದು, ಸರಿಯಾದ ಕೇಸ್‌ಗೆ ಹಾಕಿ, ಯುಎಸ್‌ಬಿ ಮೂಲಕ ಬೇರೆ ಕಂಪ್ಯೂಟರ್‌ನಲ್ಲಿ ತೆರೆಯಬಹುದು. ಆದರೆ ಈಗ ಬರುವ ವಿಂಡೋಸ್‌ನಲ್ಲಿ ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಎಷ್ಟೋ ಸಲ ತಾನಾಗಿಯೇ ಬಿದ್ದಿರುತ್ತದೆ. ತೆರೆಯಲು 48 ಅಂಕಿಗಳ ರಿಕವರಿ ಕೀ ಬೇಕು. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಆ ಖಾತೆಯ ಇಮೇಲ್, ಪಾಸ್‌ವರ್ಡ್ ಮರೆತಿದ್ದರೆ ಯಾವ ರಿಪೇರಿಯವನೂ ಏನೂ ಮಾಡಲಾರ. ಇವತ್ತು ರಾತ್ರಿ ಮನೆಗೆ ಹೋಗಿ ಅದನ್ನು ನೋಡಿ, ಒಂದು ಕಾಗದದಲ್ಲಿ ಬರೆದಿಡಿ. 2018ರಿಂದೀಚೆಗೆ ಬಂದ ಮ್ಯಾಕ್‌ಬುಕ್ ಮಾಡೆಲ್‌ಗಳಲ್ಲಿ ಸ್ಟೋರೇಜ್ ಬೋರ್ಡ್‌ಗೇ ಬೆಸೆದಿರುತ್ತದೆ, ಬೀಗವೂ ಅದೇ ಬೋರ್ಡ್‌ನ ಚಿಪ್‌ನಲ್ಲಿ ಇರುತ್ತದೆ. ಬೋರ್ಡ್ ಜೀವ ಬಂದರೆ ಮಾತ್ರ ಫೈಲ್ ಸಿಗುತ್ತದೆ. ಅಂಥವರು ಒಂದು ಹೊರಗಿನ ಡಿಸ್ಕ್‌ಗೆ ಕಾಪಿ ಇಟ್ಟುಕೊಳ್ಳದೆ ಇರಲೇಬಾರದು.

2018ರ ಆಗಸ್ಟ್ ಇಲ್ಲಿ ಯಾರಿಗೂ ಮರೆತಿಲ್ಲ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡ ಕುಸಿದು ಮನೆಗಳೇ ಹೋದವು. ಅಂಥ ದಿನಗಳಲ್ಲಿ ಲ್ಯಾಪ್‌ಟಾಪ್ ಯಾರಿಗೂ ಮೊದಲ ಚಿಂತೆ ಅಲ್ಲ. ಆದರೆ ಕೆಸರಿನಿಂದ ಎತ್ತಿದ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಮನೆಯ ಫೋಟೋಗಳಿದ್ದರೆ ಒಂದು ಮಾತು ತಿಳಿದಿರಲಿ. ಒಳಗೆ ತಿರುಗುವ ಹಳೆಯ ಥರದ ಹಾರ್ಡ್ ಡಿಸ್ಕ್ ಇದ್ದರೆ ಅದನ್ನು ಒಣಗಿಸಬೇಡಿ, ಆನ್ ಮಾಡಿ ನೋಡಬೇಡಿ. ಹಾರ್ಡ್ ಡಿಸ್ಕ್‌ಗೆ ಉಸಿರಾಡಲು ಒಂದು ಸಣ್ಣ ತೂತು ಇರುತ್ತದೆ, ಅಲ್ಲಿಂದ ಕೆಸರುನೀರು ಒಳಗೆ ಹೋಗಿರಬಹುದು. ಒಣಗಿದರೆ ಮಣ್ಣು ತಟ್ಟೆಗೆ ಗಟ್ಟಿಯಾಗಿ ಅಂಟುತ್ತದೆ. ಒದ್ದೆ ಬಟ್ಟೆಯ ತುಂಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಡೇಟಾ ರಿಕವರಿ ಮಾಡುವವರಿಗೆ ಹಾಗೇ ತಲುಪಿಸಿ. ನೀರಿನಲ್ಲಿ ಮುಳುಗಿದ ಬ್ಯಾಟರಿಯನ್ನು ಯಾವ ಕಾರಣಕ್ಕೂ ಮತ್ತೆ ಚಾರ್ಜ್ ಮಾಡಬಾರದು. ಊದಿದ್ದರೆ, ಬಿಸಿಯಾಗುತ್ತಿದ್ದರೆ, ಸಿಹಿ ಸಿಹಿ ವಾಸನೆ ಬರುತ್ತಿದ್ದರೆ ಮನೆಯ ಹೊರಗೆ ಸಿಮೆಂಟ್ ನೆಲದ ಮೇಲಿಟ್ಟು ದೂರ ಬನ್ನಿ.

ಅಂಗಡಿಗೆ ಕೊಡುವಾಗ ಏನು ಚೆಲ್ಲಿತು, ಯಾವಾಗ ಚೆಲ್ಲಿತು ಅಂತ ನಿಜ ಹೇಳಿ. ಬೈಯುತ್ತಾರೆ ಅಂತ ‘ತಾನಾಗೇ ಆಫ್ ಆಯ್ತು’ ಅನ್ನುವವರು ಬಹಳ ಜನ. ಹಾಗೆ ಹೇಳಿದರೆ ನಾವು ಮೊದಲು ಕರೆಂಟ್ ಕೊಟ್ಟು ನೋಡುತ್ತೇವೆ, ಒದ್ದೆ ಬೋರ್ಡ್‌ಗೆ ಕರೆಂಟ್ ಕೊಟ್ಟಂತಾಗುತ್ತದೆ. ‘ಬೋರ್ಡ್ ಹೋಗಿದೆ, ಹೊಸದೇ ಹಾಕಬೇಕು’ ಅಂದರೆ ಒಮ್ಮೆ ಚಿಪ್ ಲೆವೆಲ್ ಸರ್ವಿಸ್, ಅಂದರೆ ಬೋರ್ಡ್ ಮೇಲಿನ ಬಿಡಿಭಾಗಗಳನ್ನೇ ರಿಪೇರಿ ಮಾಡುವವರಿಗೆ ತೋರಿಸಿ. ಬೋರ್ಡ್ ಬದಲಾಯಿಸುವ ಖರ್ಚು ಕೆಲವು ಸಲ ಹೊಸ ಲ್ಯಾಪ್‌ಟಾಪ್‌ನ ಅರ್ಧ ಬೆಲೆ ದಾಟುತ್ತದೆ, ಹಾಳಾಗಿರುವುದು ನಾನು ತೋರಿಸಿದಂಥ ಒಂದು ಕೆಪಾಸಿಟರ್ ಆಗಿರಬಹುದು.

ಇಷ್ಟು ಹೇಳಿದ ಮೇಲೆ ಸಭಿಕರು ಕೇಳಿದರು.

ಹೋಂಸ್ಟೇ ನಡೆಸುವ ಒಬ್ಬ ಅಕ್ಕ: ಅತಿಥಿಗಳ ಲ್ಯಾಪ್‌ಟಾಪ್ ಮೇಲೆ ನಮ್ಮ ಹುಡುಗನ ಕೈಯಿಂದ ಕಾಫಿ ಚೆಲ್ಲಿದರೆ ನಾವು ಏನು ಮಾಡಬೇಕು?

ಅಕ್ಕ, ಮೊದಲು ಹುಡುಗನಿಗೆ ಬೈಯಬೇಡಿ, ಆ ಒಂದು ನಿಮಿಷ ಬಹಳ ಬೆಲೆಯದ್ದು. ಸ್ವಿಚ್ ಆಫ್ ಮಾಡಿ, ಅತಿಥಿಗೆ ಹೇಳಿ ಅವರ ಕೈಯಲ್ಲೇ ಬಟನ್ ಒತ್ತಿಸಿ. ಅವರು ಊರಿಗೆ ಹೊಸಬರು, ಯಾವ ಅಂಗಡಿ ಎಲ್ಲಿದೆ ಅಂತ ಗೊತ್ತಿರುವುದಿಲ್ಲ. ಹತ್ತಿರದ ಮೊಬೈಲ್ ಅಂಗಡಿಗೆ ನೀವೇ ಜೀಪಿನಲ್ಲಿ ಕರೆದುಕೊಂಡು ಹೋಗಿ ಬ್ಯಾಟರಿ ತೆಗೆಸಿಕೊಡಿ. ಹಾಲಿನ ಕಾಫಿಯಾ, ಬೆಲ್ಲದ್ದಾ, ಎಷ್ಟು ಗಂಟೆಗೆ ಚೆಲ್ಲಿತು, ಒಂದು ಚೀಟಿಯಲ್ಲಿ ಬರೆದು ಕೊಡಿ. ಬೆಂಗಳೂರಿಗೆ ಹೋಗಿ ರಿಪೇರಿ ಮಾಡಿಸುವಾಗ ಆ ಚೀಟಿ ಕೆಲಸಕ್ಕೆ ಬರುತ್ತದೆ.

ಒಬ್ಬ ವಿದ್ಯಾರ್ಥಿ: ಒಂದೆರಡು ಹನಿ ಬಿದ್ದರೂ ಬಿಚ್ಚಿಸಬೇಕಾ ಸರ್?

ಮುಚ್ಚಳದ ಮೇಲೋ ಕೈಯಿಡುವ ಜಾಗದಲ್ಲೋ ಆದರೆ ಒರೆಸಿದರೆ ಸಾಕು. ಕೀಗಳ ಮಧ್ಯೆ ಬರೀ ನೀರಿನ ಎರಡು ಹನಿ ಆದರೆ ಆಫ್ ಮಾಡಿ ಒಂದು ರಾತ್ರಿ ಮಗುಚಿಡಿ. ಸಿಹಿಯಾದದ್ದು ಕೀಗಳ ಮಧ್ಯೆ ಹೋದರೆ ಬಿಚ್ಚಿಸಿ ನೋಡು. ಒಳಗೆ ಏನೂ ಇಲ್ಲದಿದ್ದರೆ ಕವರ್ ಮುಚ್ಚಿಕೊಂಡು ಬರಬಹುದು.

ಹಿರಿಯರೊಬ್ಬರು: ಏನೂ ಚೆಲ್ಲದಿದ್ದರೂ ನಮ್ಮ ಮನೆಯ ಲ್ಯಾಪ್‌ಟಾಪ್ ಮಳೆಗಾಲ ಮುಗಿಯುವಷ್ಟರಲ್ಲಿ ಹಾಳಾಗಿತ್ತು. ಬೀರುವಿನಲ್ಲಿ ಭದ್ರವಾಗಿಯೇ ಇಟ್ಟಿದ್ದೆ.

ಬೀರುವಿನಲ್ಲಿ ಇಟ್ಟಿದ್ದೇ ಕಾರಣ ಇರಬಹುದು ಸರ್. ಬಳಸುವ ಲ್ಯಾಪ್‌ಟಾಪ್ ತನ್ನ ಬಿಸಿಗೆ ತಾನೇ ಒಣಗಿರುತ್ತದೆ. ಬೀರುವಿನಲ್ಲಿ ನಾಲ್ಕು ತಿಂಗಳು ಥಂಡಿಯಲ್ಲಿದ್ದರೆ ಬೂಷ್ಟು ಬರುತ್ತದೆ, ಬ್ಯಾಟರಿ ಪೂರ್ತಿ ಖಾಲಿಯಾಗಿ ಸಾಯುತ್ತದೆ. ಎರಡು ಮೂರು ದಿನಕ್ಕೊಮ್ಮೆ ಒಂದು ಗಂಟೆ ಆನ್ ಮಾಡಿಡಿ. ದೂರದ ಊರಿಗೆ ಹೋಗುವುದಾದರೆ ಬ್ಯಾಟರಿ ಅರ್ಧ ಚಾರ್ಜ್‌ನಲ್ಲಿರಲಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಬಣ್ಣ ಬದಲಾಗುವ ಸಿಲಿಕಾ ಜೆಲ್ ಸಿಗುತ್ತದೆ, ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಬಳಸಬಹುದು.

ಇನ್ನೊಬ್ಬರು: ಕೀಬೋರ್ಡ್ ಮೇಲೆ ಹಾಕುವ ಸಿಲಿಕೋನ್ ಕವರ್ ಪ್ರಯೋಜನ ಇದೆಯಾ?

ಇದೆ, ಹಾಕಿ. ಒಂದು ಲೋಟ ಪೂರ್ತಿ ಬಿದ್ದರೆ ಅಂಚಿನಿಂದ ಒಳಗೆ ಹೋಗುತ್ತದೆ, ಆದರೆ ಬಟನ್ ಒತ್ತುವಷ್ಟು ಸಮಯ ಸಿಗುತ್ತದೆ. ಕೀಗಳ ಸಂದಿಯಿಂದ ಗಾಳಿ ಎಳೆಯುವ ಕೆಲವು ಮಾಡೆಲ್‌ಗಳಿಗೆ ಅದು ಆಗುವುದಿಲ್ಲ, ಜಾಸ್ತಿ ಬಿಸಿಯಾದರೆ ತೆಗೆಯಿರಿ. ಮುಚ್ಚಳ ಮುಚ್ಚುವಾಗಲೂ ತೆಗೆಯಿರಿ, ಪರದೆಗೆ ಒತ್ತುತ್ತದೆ. ವಾರಕ್ಕೊಮ್ಮೆ ಅದನ್ನು ತೊಳೆದು, ಪೂರ್ತಿ ಒಣಗಿಸಿ ಹಾಕಿ. ಒದ್ದೆ ಕವರ್ ಹಾಕಿ ಕೀಬೋರ್ಡ್ ಹೋದದ್ದೂ ನನ್ನ ಅಂಗಡಿಗೆ ಬಂದಿದೆ.